ಉಕ್ಕಿಗೆ ಹುಳಿನೀರು ಬೇಡ

ಕಾಕಾರ ಬಲಗೈ ಹೆಬ್ಬೆರಳಿನ ಉಗುರಿನ ಅಡಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಹಸಿರು ಗೆರೆಯಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹಿತ್ತಾಳೆಯ ಕಿಲುಬು ಅದು. ಮೂವತ್ತೊಂದು ವರ್ಷ ಅದೇ ಬೆರಳಿನಿಂದ ಕಾಡತೂಸಿನ ಖಾಲಿ ಕೇಸುಗಳ ಬಾಯಿ ಸವರಿ ನೋಡಿದ್ದರಿಂದ ಚರ್ಮದೊಳಕ್ಕೆ ಇಳಿದುಬಿಟ್ಟಿತ್ತು.

ಬಹ್ರೈನಿನ ಟುಬ್ಲಿಯಲ್ಲಿ, ಕಾರು ಗ್ಯಾರೇಜುಗಳ ಸಾಲಿನ ಹಿಂದೆ ನಮ್ಮ ವರ್ಕ್‌ಶಾಪು. ಒಂದು ಶೂಟಿಂಗ್ ಕ್ಲಬ್ಬಿನ ಅಭ್ಯಾಸಕ್ಕೆ ಬೇಕಾದ ಪಿಸ್ತೂಲಿನ ಕಾಡತೂಸುಗಳನ್ನು ಪರವಾನಗಿ ಪಡೆದು ಇಲ್ಲಿ ಮರುತುಂಬುತ್ತಾರೆ. ಗುಂಡು ಹಾರಿದ ಮೇಲೆ ನೆಲಕ್ಕೆ ಬೀಳುವ ಲೋಹದ ಖಾಲಿ ಕೇಸನ್ನು ತಂದು, ತೊಳೆದು, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಮತ್ತೆ ಮದ್ದು, ಗುಂಡು ಕೂರಿಸುವ ಕೆಲಸ. ಲೋಹವಿಜ್ಞಾನ ಓದಿ ದಾವಣಗೆರೆಯಿಂದ ಬಂದ ನಾನು ಗುಣಮಟ್ಟ ನೋಡುವವಳು. ಕೇಸು ಆರಿಸಿ ತೊಳೆಯುವ ಕೆಲಸ ಕಾಕಾರದು. ಅವರು ಉಳ್ಳಾಲದ ಕಡೆಯವರು, ಬ್ಯಾರಿ. ಎಲ್ಲರಿಗೂ ಉಸ್ತಾದ್, ನನಗೆ ಕಾಕಾ.

ಶರ್ಟಿನ ಎರಡನೆಯ ಗುಂಡಿಗೆ ಕಪ್ಪು ದಾರದಲ್ಲಿ ಒಂದು ಅಯಸ್ಕಾಂತ ಕಟ್ಟಿಕೊಂಡಿರುತ್ತಿದ್ದರು. ಕ್ಲಬ್ಬಿನಿಂದ ಬಂದ ಬಕೆಟ್ಟನ್ನು ಗೋಣಿಯ ಮೇಲೆ ಸುರಿದು, ಬಗ್ಗಿ ಅದನ್ನು ಆಡಿಸುವರು. ಉಕ್ಕಿನ ಕೇಸುಗಳು ಟಪಟಪ ಅಂಟಿಕೊಳ್ಳುತ್ತಿದ್ದವು. ಕೆಲವಕ್ಕೆ ಮೇಲೆ ಹಿತ್ತಾಳೆಯ ಬಣ್ಣವಿರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಉಳಿದ ಹಿತ್ತಾಳೆಯನ್ನು ಐದೈದಾಗಿ ಅಂಗೈಯಲ್ಲಿ ಕುಲುಕಿ ಕಿವಿಗೊಡುವರು. ಸದ್ದು ಮಂಕಾಗಿದ್ದರೆ ಆ ಐದರಲ್ಲಿ ಒಂದು ಬಿರುಕುಬಿಟ್ಟಿದೆ ಎಂದರ್ಥ. ನಾನು ಭೂತಗನ್ನಡಿಯಲ್ಲಿ ಹುಡುಕುವಷ್ಟರಲ್ಲಿ ಅವರು ಅದನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟಿರುತ್ತಿದ್ದರು.

ಆಮೇಲೆ ಹುಳಿನೀರು. ಅಂಗಡಿಯಲ್ಲಿ ಸಿಗುವ ದ್ರಾವಣ ಅವರಿಗೆ ಬೇಡ. ಹುಡುಗಾಟದ ವಯಸ್ಸಿನಲ್ಲಿ ಮಂಗಳೂರಿನ ಒಂದು ಪಾತ್ರೆ ಅಂಗಡಿಯಲ್ಲಿ ದೀಪ, ಕೊಡಪಾನಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳಪು ಬರಿಸುತ್ತಿದ್ದರಂತೆ. ಆ ವಿದ್ಯೆಯನ್ನೇ ಇಲ್ಲಿಗೂ ತಂದಿದ್ದರು. ಹಿಂಬದಿಯ ತೊಟ್ಟಿಯಲ್ಲಿ ಹುಣಸೆಹಣ್ಣು ಕಿವುಚಿ, ಹಿತ್ತಾಳೆ ಕೇಸುಗಳನ್ನು ಮುಳುಗಿಸಿ, ಮೂರು ನೀರಿನಲ್ಲಿ ಜಾಲಾಡಿ, ತಾರಸಿಯ ಬಿಸಿಲಿಗೆ ಹರಡುವರು. ಮಧ್ಯಾಹ್ನ ಹೋಗಿ ನೋಡಿದರೆ ಗೋಧಿ ಒಣಗಲು ಹಾಕಿದಂತೆ ಕಾಣುತ್ತಿತ್ತು.

ಊಟಕ್ಕೆ ಮೊದಲು ಎಲ್ಲರೂ ಮೊಣಕೈವರೆಗೆ ಸಾಬೂನಿನಲ್ಲಿ ತೊಳೆಯಲೇಬೇಕು ಎಂಬುದು ಅವರ ಕಾನೂನು. ಗುಂಡಿನ ಸೀಸ ಹೊಟ್ಟೆಗೆ ಹೋಗಬಾರದಲ್ಲ. ನಾನು ಒಮ್ಮೆ ಬರೀ ಬೆರಳು ಅದ್ದಿ ಬಂದಾಗ ಡಬ್ಬಿ ಮುಚ್ಚಿಸಿ ವಾಪಸು ಕಳಿಸಿದ್ದರು. ಎಂ.ಟೆಕ್ ಮಾಡಿದವರ ಹೊಟ್ಟೆಗೆ ಸೀಸ ಇಳಿಯುವುದಿಲ್ಲವೋ ಎಂದು ಕೇಳಿದ್ದರು. ಹೆಚ್ಚು ಮಾತಾಡದ ನಾನು ಈ ದೇಶದಲ್ಲಿ ದಿನಾ ಮಾತಾಡುತ್ತಿದ್ದದ್ದು ಅವರೊಬ್ಬರ ಜೊತೆಯೇ.

ಕಳೆದ ವರ್ಷ ಹಿತ್ತಾಳೆ ಬರುವುದು ಕಡಿಮೆಯಾಯಿತು. ಕ್ಲಬ್ಬಿನವರು ಹೊಸದಾಗಿ ಕೊಳ್ಳುತ್ತಿದ್ದ ಕಾಡತೂಸುಗಳಲ್ಲಿ ಬಹುಪಾಲು ಉಕ್ಕಿನ ಕೇಸಿನವು. ಬಕೆಟ್ಟಿನ ಅರ್ಧದಷ್ಟು ಅಯಸ್ಕಾಂತಕ್ಕೆ ಅಂಟಿ ಗುಜರಿಗೆ ಹೋಗುವುದನ್ನು ನೋಡಿ ನಮ್ಮ ಮುದೀರರಿಗೆ, ಎಂದರೆ ಮ್ಯಾನೇಜರರಿಗೆ, ಸಂಕಟವಾಯಿತು. ಅವರು ಬೆಂಗಳೂರಿನವರು. ಉಕ್ಕನ್ನೂ ಮರುತುಂಬಬಹುದೇ, ಪರೀಕ್ಷಿಸಿ ವರದಿ ಕೊಡಿ ಎಂದು ನನಗೆ ಹೇಳಿದರು.

ವಿಷಯ ಕೇಳಿದ ಕೂಡಲೇ ಕಾಕಾ ಬೇಡವೆಂದು ತಲೆಯಾಡಿಸಿದರು. "ಹಿತ್ತಾಳೆ ಅಂದ್ರೆ ಉಂಡ ಹೊಟ್ಟೆಯ ಹಾಗೆ ಮಾರಾಯ್ತಿ. ಉಬ್ತದೆ, ಇಳಿತದೆ. ಉಕ್ಕು ನಮ್ಮ ಮುದೀರನ ಹಾಗೆ. ಒಮ್ಮೆ ಉಬ್ಬಿದ್ರೆ ಇಳಿಯುದಿಲ್ಲ."

ನಾನು ನಕ್ಕೆ, ಆದರೂ ಪರೀಕ್ಷೆ ಮಾಡಿದೆ. ಅವರೇ ಕೇಸು ಆರಿಸಿಕೊಟ್ಟರು. ತೊಟ್ಟಿಗೆ ಹಾಕಲು ಹೊರಟವಳನ್ನು ಮಾತ್ರ ಕೈ ಅಡ್ಡಹಿಡಿದು ತಡೆದರು. ಅಚ್ಚಿನಲ್ಲಿ ಒತ್ತಿದಾಗ ಉಕ್ಕಿನ ಮೇಲಿನ ಲೇಪ ಗೀಚಿಹೋಗುತ್ತದೆ. ಅಲ್ಲಿಗೆ ಹುಳಿ ತಾಗಿದರೆ, ಈ ಊರಿನ ಉಪ್ಪುಗಾಳಿಯಲ್ಲಿ, ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಕಾಣುವುದೇ ಇಲ್ಲ ಎಂದರು. ಹಾಗಾಗಿ ಒಣ ಪುಡಿಯಲ್ಲಿ ಉರುಳಿಸಿ ಶುಚಿ ಮಾಡಿದೆವು. ಫಲಿತಾಂಶ ಚೆನ್ನಾಗಿಯೇ ಬಂತು. ಎರಡು ಸಲ ತುಂಬಬಹುದು, ಮೂರನೆಯದು ಬೇಡ ಎಂದು ತೀರ್ಮಾನಿಸಿದೆ. ನನ್ನ ನೋಟ್‌ಬುಕ್ಕಿನಲ್ಲಿ ಆವತ್ತಿನ ಪುಟದ ಕೊನೆಗೆ ಬರೆದುಕೊಂಡೆ: ಉಕ್ಕಿಗೆ ಹುಳಿನೀರು ಬೇಡ, ಕಾಕಾ ಹೇಳಿದ್ದು.

"ಅದನ್ನು ನಿಮ್ಮ ಕಾಗದದಲ್ಲಿ ಹಾಕಿ ಮಗಳೇ," ಎಂದರು. "ಹೇಗೆ ತೊಳೆಯುದು ಅಂತ ಹಾಕಿ."

ಹಾಕಿದ್ದೆ. ಆಮೇಲೆ ತೆಗೆದೆ. ಇಂಗ್ಲಿಷಿನಲ್ಲಿ ಟೈಪು ಮಾಡಿದ ವರದಿ, ಕೋಷ್ಟಕಗಳು, ಗ್ರಾಫು, ಅದರ ನಡುವೆ ಹುಣಸೆಹಣ್ಣು. ಕ್ಲಬ್ಬಿನ ಮಂದಿ ಓದಿ ನಗುತ್ತಾರೆ ಅನ್ನಿಸಿತು. ನಮ್ಮ ವರ್ಕ್‌ಶಾಪಿನಲ್ಲಿ ಹುಣಸೆಹಣ್ಣಿನಲ್ಲಿ ತೊಳೆಯುತ್ತಾರೆ ಎಂದು ತಿಳಿದರೆ ನನ್ನ ಉಳಿದ ಅಂಕಿಗಳನ್ನೂ ನಂಬಲಾರರು ಎಂದುಕೊಂಡೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಆ ಸಾಲನ್ನು ನಾನೇ ಅಳಿಸಿ, ಕೆಳಗೆ ಸಹಿ ಮಾಡಿದೆ.

ವರದಿ ಬಂದ ವಾರವೇ ಮುದೀರರು ಕಾಕಾರನ್ನು ಕರೆದು ಉಕ್ಕು ತುಂಬಲು ಶುರುಮಾಡಿ ಎಂದರು. ಯಾವ ಉಕ್ಕು ಎಷ್ಟು ಸಲ ತುಂಬಿದ್ದು ಎಂದು ಬಕೆಟ್ಟಿನಲ್ಲಿ ಗುರುತು ಸಿಗುವುದಿಲ್ಲ, ಆಗುವುದಿಲ್ಲ ಎಂದರು ಕಾಕಾ. ನಿಮಗಿಂತ ಓದಿದವರು ಸಹಿ ಮಾಡಿದ್ದಾರೆ ಎಂದು ಮುದೀರರು ನನ್ನತ್ತ ಕೈ ತೋರಿಸಿದರು. ನಾನು ಕೋಣೆಯಲ್ಲಿಯೇ ಇದ್ದೆ. ಎರಡು ದಿನದಲ್ಲಿ ಕಾಕಾರಿಗೆ ಊರಿನ ಟಿಕೆಟ್ಟು ಬಂತು. ಪರ್ಮಿಟ್ಟು ಹೇಗೂ ಮುಗಿಯುವುದರಲ್ಲಿತ್ತು, ನವೀಕರಿಸಲಿಲ್ಲ. ವರ್ಕ್‌ಶಾಪಿನ ಒಳಗೆ ಮತ್ತೆ ಬಿಡಲೂ ಇಲ್ಲ.

ಗೇಟಿನ ಹೊರಗೆ, ಗ್ಯಾರೇಜಿನ ನೆರಳಿನಲ್ಲಿ ನಿಂತು ಅಯಸ್ಕಾಂತವನ್ನು ದಾರದ ಸಮೇತ ಬಿಚ್ಚಿ ನನ್ನ ಕೈಗೆ ಕೊಟ್ಟರು. ವರದಿಯಲ್ಲಿ ತೊಳೆಯುವ ಮಾತು ಇಲ್ಲ ಎಂಬುದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. ಬೈಯುತ್ತಾರೆ ಎಂದು ಕಾದೆ.

"ನಿಮ್ಮ ಕಾಗದ ಸರಿ ಉಂಟು," ಎಂದರು. "ಆದ್ರೆ ತೊಳೆಯುವವರು ಕಾಗದ ಓದುದಿಲ್ಲ ಮಗಳೇ. ಅವರಿಗೆ ಬಾಯಲ್ಲಿ ಹೇಳಿ."

ಹೇಳುತ್ತೇನೆ ಎಂದೆ. ಮರುದಿನ ಹೇಳೋಣ ಎಂದುಕೊಂಡೆ. ಅವರಿಲ್ಲದ ಹಿಂಬದಿಗೆ ಹೋಗಲು ನನಗೆ ಮುಖವಿರಲಿಲ್ಲ, ಹೇಳಲೇ ಇಲ್ಲ. ಅಲ್ಲಿದ್ದ ಇಬ್ಬರು ಕೆಲಸಗಾರರು ಹತ್ತು ವರ್ಷ ಅವರ ಕೈಕೆಳಗೆ ಪಳಗಿದವರು. ಕಾಕಾರ ಕಾಲದಲ್ಲಿ ಉಕ್ಕು ತೊಟ್ಟಿಯವರೆಗೆ ಹೋದದ್ದೇ ಇರಲಿಲ್ಲ, ಹಾಗಾಗಿ ಉಕ್ಕನ್ನು ಹೇಗೆ ತೊಳೆಯಬಾರದು ಎಂದು ಯಾರಿಗೂ ಕಲಿಸುವ ಪ್ರಸಂಗ ಬಂದಿರಲಿಲ್ಲ. ಆ ಇಬ್ಬರು ಉಸ್ತಾದ್ ಕಲಿಸಿದ ಹಾಗೆಯೇ, ಅಷ್ಟೇ ಶ್ರದ್ಧೆಯಿಂದ, ಉಕ್ಕನ್ನೂ ಹುಳಿನೀರಿನಲ್ಲಿ ನೆನೆಸಿದರು. ಹಿತ್ತಾಳೆಯ ಜೊತೆಗೆ ತಾರಸಿಯ ಮೇಲೆ ಹರಡಿದರು. ಹೊರಗಿನಿಂದ ಎಲ್ಲವೂ ಹೊಳೆಯುತ್ತಿದ್ದವು.

ಎರಡು ತಿಂಗಳ ನಂತರ ಕ್ಲಬ್ಬಿನಲ್ಲಿ ಒಂದು ಕೇಸು ಪಿಸ್ತೂಲಿನೊಳಗೇ ಸೀಳಿತು. ತರಬೇತುದಾರರೊಬ್ಬರ ಕೆನ್ನೆಗೆ ಲೋಹದ ಚೂರು ಹೊಕ್ಕಿತು, ರಕ್ಷಣೆಯ ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು. ಸೀಳಿದ ಕೇಸು ನನ್ನ ಮೇಜಿಗೆ ಬಂತು. ಒಳಗೋಡೆ ಚಹಾಪುಡಿಯ ಬಣ್ಣಕ್ಕೆ ತಿರುಗಿತ್ತು.

ಕ್ಲಬ್ಬಿನವರು ನಡೆಸಿದ ವಿಚಾರಣೆಯಲ್ಲಿ ಮುದೀರರು ಕಾರಣ ಎಂಬ ಕಲಮಿಗೆ ಹೀಗೆ ಬರೆಸಿದರು: ಹಿಂದಿನ ಕೆಲಸಗಾರನ ಅವೈಜ್ಞಾನಿಕ ತೊಳೆಯುವ ಪದ್ಧತಿ. ಕೆಳಗೆ ಕಾಕಾರ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ. ನಾನು ತಲೆಯೆತ್ತಿದ್ದು ನೋಡಿ, ಹೊರಗೆ ಬಂದ ಮೇಲೆ ಸಮಾಧಾನದ ದನಿಯಲ್ಲಿ ಹೇಳಿದರು: "ಅವ್ರು ಊರಲ್ಲಿದಾರಮ್ಮ, ಅವ್ರಿಗೇನು ಲಾಸ್? ನೀವಿನ್ನೂ ಯಂಗ್. ಪ್ರಾಕ್ಟಿಕಲ್ ಆಗಿ ಥಿಂಕ್ ಮಾಡಿ." ನಾನು ಯೋಚಿಸಿದೆ. ನನ್ನ ವೀಸಾ ಅವರ ಕೈಯಲ್ಲಿತ್ತು. ನೋಟ್‌ಬುಕ್ಕನ್ನು ಡ್ರಾಯರಿನೊಳಗೆ ಇಟ್ಟೆ.

ಸುದ್ದಿ ಉಳ್ಳಾಲಕ್ಕೂ ಮುಟ್ಟಿತು. ಒಂದು ಶುಕ್ರವಾರ ಕಾಕಾ ಫೋನು ಮಾಡಿದರು. ಊಟ ಆಯಿತಾ, ಕೈ ತೊಳೆದಿರಾ ಎಂದೆಲ್ಲ ಕೇಳಿದ ಮೇಲೆ ವಿಷಯಕ್ಕೆ ಬಂದರು.

"ನನ್ನ ಹೆಸರು ಹಾಕಿದ್ದಾರಂತೆ, ಹೌದಾ?"

ಹೌದು ಎಂದೆ.

"ಮೂವತ್ತೊಂದು ವರ್ಷ ಯಾರಿಗೂ ಒಂದು ಗೀರು ಆಗ್ಲಿಲ್ಲ ನನ್ನ ಕೈಯಿಂದ. ಹೆಸರು ತೆಗೆಸ್ಲಿಕ್ಕೆ ಆಗ್ತದಾ ನೋಡಿ. ನಿಮ್ಮ ಪುಸ್ತಕದಲ್ಲಿ ಬರ್ದದ್ದು ಉಂಟಲ್ಲ."

"ನೋಡ್ತೀನಿ ಕಾಕಾ," ಎಂದೆ.

"ನೋಡಿ. ಅವಸರ ಇಲ್ಲ."

ಮತ್ತೆ ಎರಡು ಸಲ ಫೋನು ಬಂತು. ಹೆಸರಿನ ವಿಷಯ ಅವರು ಎತ್ತಲಿಲ್ಲ. ಉಳ್ಳಾಲದ ಸೆಕೆ, ಮೀನಿನ ರೇಟು, ಮೊಮ್ಮಗಳ ಶಾಲೆ. ನಾನು ನೆಪ ಹೇಳುವ ಅಗತ್ಯವೇ ಬಾರದ ಹಾಗೆ ಮಾತನ್ನು ಜಾಗ್ರತೆಯಿಂದ ಬೇರೆ ಕಡೆ ತಿರುಗಿಸುತ್ತಿದ್ದರು. ಅದಾದ ಮೇಲೆ ಬಂದ ಫೋನನ್ನು ನಾನು ಎತ್ತಲಿಲ್ಲ.

ಹೋದ ತಿಂಗಳು ಒಂದು ಸಂಜೆ, ಮಗ್ರಿಬ್‌ನ ಬಾಂಗು ಮುಗಿದ ಹೊತ್ತಿಗೆ, ಬಹ್ರೈನಿನಲ್ಲೇ ಇರುವ ಕಾಕಾರ ಅಳಿಯ ಹಿದ್‌ನಿಂದ ಫೋನು ಮಾಡಿ ವಿಷಯ ತಿಳಿಸಿದ. ಮುನ್ನಾದಿನ ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲವಂತೆ. ದಫನವೂ ಆಗಿತ್ತು. ನಾನು ಕೇಳಬೇಕೋ ಬೇಡವೋ ಎಂದು ಅನುಮಾನಿಸಿ, ನನ್ನ ಬಗ್ಗೆ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದೆ. ಅಲ್ಲಿ ಒಬ್ಬ ಹುಡುಗಿ ಇದ್ದಾಳೆ, ಓದಿದವಳು, ಅವಳು ನೋಡುತ್ತಿದ್ದಾಳೆ ಎಂದು ಮನೆಯಲ್ಲಿ ಹೇಳುತ್ತಿದ್ದರು ಎಂದ.

ಮರುದಿನ ಬೆಳಿಗ್ಗೆ ಟುಬ್ಲಿಗೆ ಹೋಗುವ ಬಸ್ಸು ಹತ್ತಲಿಲ್ಲ. ನೋಟ್‌ಬುಕ್ಕಿನ ಆ ಪುಟದ ನಕಲು ಮಾಡಿಸಿ, ಸಾಲು ಅಳಿಸುವ ಮೊದಲಿನ ವರದಿಯ ಪ್ರತಿಯನ್ನೂ ಸೇರಿಸಿ, ನೇರ ಕ್ಲಬ್ಬಿನ ಕಚೇರಿಗೆ ಹೋದೆ. ಕೌಂಟರಿನವರು ತಿದ್ದುಪಡಿಯ ಅರ್ಜಿ ಕೊಟ್ಟರು. ಬೆಂಚಿನ ಮೇಲೆ ಕೂತು ನಿಧಾನವಾಗಿ ತುಂಬಿದೆ. ಕಾರಣ ಎಂಬ ಕಲಮಿನಲ್ಲಿ ಕಾಕಾರ ಹೆಸರು ತೆಗೆಯಬೇಕು ಎಂದು ಬರೆದೆ. ಅದರ ಜಾಗದಲ್ಲಿ ಯಾರ ಹೆಸರು ಎಂದು ಕೇಳಿದ್ದ ಮುಂದಿನ ಕಲಮಿನಲ್ಲಿ ನನ್ನ ಪೂರ್ತಿ ಹೆಸರು ಬರೆದೆ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ.