ಎಲೆಬುಟ್ಟಿಗೆ ಯಾವ ಪಂಪಿನ ನೀರು?

ಎಲೆಗೆ ಸುಣ್ಣ ಹಚ್ಚಿ ಇನ್ನೇನು ಬಾಯಿಗಿಡಬೇಕು, ಶಾಹೀನ್ ಚಾಚಿ ನನ್ನ ಕೈಗೆ ರಪ್ಪನೆ ಹೊಡೆದರು. "ಬ್ಯಾಡ ಬೇಟಾ! ಬಾಯಾಗ ಇಡಬ್ಯಾಡ!"

ಸವಣೂರಿನಲ್ಲಿ ಅವರ ವೀಳ್ಯದೆಲೆ ತೋಟ. ಕೊಯ್ದ ಎಲೆ ಬಾಡದಂತೆ ಬುಟ್ಟಿಗೆ ನೀರು ಚಿಮುಕಿಸುವುದು ರೂಢಿ. ಅವತ್ತು ಚಾಚಿಯ ಗಂಡ ದಾದಾಪೀರ್ ಚಾಚಾ, ಬೇಗ ಆಗಲೆಂದು ಬೆನ್ನಿಗೆ ಹಾಕುವ ಸ್ಪ್ರೇ ಪಂಪಿನಿಂದ ನೀರು ಹೊಡೆದಿದ್ದರು. ಹಿಂದಿನ ದಿನ ಬದುವಿಗೆ ಕಳೆನಾಶಕ ಹೊಡೆದ ಪಂಪು!

"ತೊಳದೇನಲ್ಲ," ಎಂದರು ಚಾಚಾ.

"ಹಂಗಾರ ಮೊದಲ ನೀವ ಹಾಕ್ಕೋರಿ ಎಲಿ," ಎಂದರು ಚಾಚಿ.

ಚಾಚಾ ಹಾಕಿಕೊಳ್ಳಲಿಲ್ಲ. ಬುಟ್ಟಿಗಳು ಮಾತ್ರ ಹಿರೇಕೆರೂರು ಸಂತೆಗೆ ಹೊರಟು ನಿಂತಿದ್ದವು. "ಪರೀಕ್ಷಾ ಆಗೂತನಕ ತಡೀರಿ ಚಾಚಾ" ಎಂದು ಬೇಡಿಕೊಂಡು, ಒಂದು ಕಟ್ಟು ಎಲೆಯನ್ನು ನಾನು ಕೆಲಸ ಮಾಡುವ ಲ್ಯಾಬಿಗೆ ಒಯ್ದೆ.

ಸಹೋದ್ಯೋಗಿ ಗಿರೀಶ ಪರೀಕ್ಷಿಸಿ ನಕ್ಕ. "ಏನೂ ಇಲ್ಲರಿ ಅಕ್ಕಾರ. ಆರಾಮ ಎಲಿ-ಅಡಿಕಿ ಹಾಕ್ಕೋರಿ."

ಇಲ್ಲವೇ? (ಈಗಲೂ ಎಲೆ ಕಂಡರೆ ಚಾಚಿಯ ಆ ಏಟು ಚುರುಗುಟ್ಟುತ್ತದೆ.) ನಾನು ಒಪ್ಪಲಿಲ್ಲ.

ನಮ್ಮ ಯಂತ್ರದ ಕೊಳವೆಯೊಳಗೆ ಎಣ್ಣೆಯಂಥ ಪದರವಿದೆ. ಎಣ್ಣೆಗುಣದ ವಸ್ತುಗಳನ್ನು ತಡೆದು, ಒಂದೊಂದಾಗಿ ಬಿಡುತ್ತದೆ. ಈ ಕಳೆನಾಶಕಕ್ಕೋ ಧನ ವಿದ್ಯುದಾವೇಶ, ನೀರೇ ಪ್ರಿಯ. ಎಲ್ಲೂ ನಿಲ್ಲದೆ, ಎಲೆಯ ಕಸದ ಜೊತೆ ಮೊದಲೇ ಹೊರಗೋಡುತ್ತದೆ. ಕಾಣುವುದೆಲ್ಲಿ? ಅದಕ್ಕೊಂದು ಜೋಡಿ ಅಯಾನು ಬೇಕು. ಋಣ ಆವೇಶದ ಕಣ, ಹಿಂದೊಂದು ಎಣ್ಣೆಗುಣದ ಬಾಲವಿರುವಂಥದ್ದು. ಎರಡೂ ಜೋಡಿಯಾದರೆ ಕೊಳವೆ ಹಿಡಿದು ನಿಲ್ಲಿಸುತ್ತದೆ.

ಗಿಡ್ಡ ಬಾಲದ ಅಯಾನು ಬೆರೆಸಿದೆವು. ಕೊಳವೆಯಿಂದ ಹೊರಬಂದದ್ದರ ಗುರುತಾಗಿ ಪರದೆಯ ಮೇಲೆ ಒಂದು ದಪ್ಪ ಗುಡ್ಡ ಮೂಡಿತು.

"ಅದು ಎಲಿದ ಐತ್ರಿ," ಎಂದ ಗಿರೀಶ.

"ಉದ್ದ ಬಾಲದ್ದು ಹಾಕಪಾ."

ಹಾಕಿದ. ಗುಡ್ಡ ಎರಡಾಯಿತು! ಆವೇಶವಿಲ್ಲದ ಎಲೆಯ ವಸ್ತು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಉದ್ದ ಬಾಲಕ್ಕೆ ಜೋಡಿಯಾದ ಇನ್ನೊಂದು ತಡವಾಗಿ, ಬೇರೆಯಾಗಿ ಬಂತು. ಅದೇ ಕಳೆನಾಶಕದ ಹನಿಯನ್ನೂ ಓಡಿಸಿ ನೋಡಿದೆವು. ಅದೂ ಸರಿಯಾಗಿ ಅಲ್ಲೇ ಬಂತು.

ಗಿರೀಶನ ನಗು ಹೋಗಿತ್ತು. "ಪಂಪು ತೊಳದಿದ್ರಂತಲ್ಲರಿ..."

ಫೋನ್ ಮಾಡಿ ಚಾಚಾಗೆ ಹೇಳಿದೆ. "ಗುಂಡಿ ತೋಡಾಕ ಹೊಂಟೇನಿ ಬೇಟಾ," ಎಂದರು. ಬುಟ್ಟಿಗಳು ಮಣ್ಣಿಗೆ ಹೋದವು.

"ಏನೂ ಇಲ್ಲ" ಎಂಬ ವರದಿ ಬಂದರೆ ನಾವೆಲ್ಲ ನಿರಾಳ. ಹೇಗೆ ಹುಡುಕಿದಿರಿ ಎಂದು ಯಾರು ಕೇಳುತ್ತಾರೆ? ಇನ್ನು ನಾನು ಕೇಳುತ್ತೇನೆ. ಲ್ಯಾಬಿನಲ್ಲೂ ಕೇಳುತ್ತೇನೆ, ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಕಾಲಿಟ್ಟ ತೋಟದಲ್ಲೆಲ್ಲ ಯಾವ ಪಂಪೆಂದೂ ಕೇಳುತ್ತೇನೆ.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಪಂಪಾ?