ಹಾಲ್‌ನಲ್ಲಿ ಕಾರ್ಪೆಟ್, ಬಚ್ಚಲಲ್ಲಿ ಬೀಗರು

ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಏನಾಯ್ತು ಕೇಳಿ. ಮೈದುನನಿಗೆ ನೋಡಿರುವ ಹುಡುಗಿಯ ಅಪ್ಪ, ಅಮ್ಮ ಹಂಪಾಪುರದ ಕಡೆಯಿಂದ ಮನೆ ನೋಡಲು ಬಂದರು. ಈ ಚಳಿಗೆ ಹಾಲ್ ಬೆಚ್ಚಗಿರಲಿ ಎಂದು ನಾನು ಬೈಲಕುಪ್ಪೆಯಿಂದ ದಪ್ಪನೆಯ ಕಾರ್ಪೆಟ್ ತಂದು ಹಾಸಿದ್ದೆ. ಕಿಟಕಿಗೆಲ್ಲ ಹೊಸ ಪರದೆ ಹಾಕಿದ್ದೆ. ಬಂದವರು ಕಾರ್ಪೆಟ್ ಕೊಳೆಯಾದೀತೆಂದು ಅದನ್ನು ತುಳಿಯದೆ ಗೋಡೆ ಪಕ್ಕದಲ್ಲೇ ನಡೆದು, ತಣ್ಣನೆಯ ಟೈಲ್ಸ್ ಮೇಲೆ ಬರಿಗಾಲು ಊರಿ ನಡುಗುತ್ತ ಕೂತರು.

ಅತ್ತೆಗೆ ತಡೆಯಲಾಗಲಿಲ್ಲ. "ಇಲ್ಯಾಕೆ ನಡುಗ್ತಾ ಕೂತಿದ್ದೀರಿ? ಬಚ್ಚಲಲ್ಲಿ ಅಂಡೆ ಒಲೆ ಉರೀತಾ ಅದೆ, ಅಲ್ಲಿಗೇ ಬನ್ನಿ."

"ಅತ್ತೆ, ಅವರು ಬಂದಿರೋದು ಮನೆ ನೋಡೋಕೆ!" ಎಂದು ಪಿಸುಗುಟ್ಟಿದೆ.

"ಬಚ್ಚಲೇನು ಪಕ್ಕದ ಮನೇದಾ? ಸುಮ್ನಿರವ್ವ."

ಆಮೇಲೆ ಕಾಫಿ, ಉಪ್ಪಿಟ್ಟು ಎಲ್ಲ ಬಚ್ಚಲಿಗೇ ಹೋಯಿತು. ಹುಡುಗಿಯ ಅಪ್ಪ ಮಣೆ ಎಳೆದುಕೊಂಡು ಕೂತು, ತಾವೇ ಒಲೆಗೆ ತೆಂಗಿನ ಮಟ್ಟೆ ತುರುಕುತ್ತ ಜಮೀನು, ಕೆಲಸ ಎಲ್ಲ ವಿಚಾರಿಸಿದರು. ಹುಡುಗಿಯ ಅಮ್ಮ ಅಂಗೈ ಕಾಯಿಸಿಕೊಳ್ಳುತ್ತ, "ಮನೆ ಬೆಚ್ಚಗದೆ ಕಣವ್ವ. ನಮಗೆ ಒಪ್ಪಿಗೆ," ಅಂದರು.

ನನ್ನ ಪರದೆಯನ್ನು ಒಬ್ಬರೂ ತಿರುಗಿ ನೋಡಲಿಲ್ಲ. ಹೊರಡುವಾಗ ಹುಡುಗಿಯ ಅಪ್ಪ ಮಾತ್ರ ಕಾರ್ಪೆಟ್ ಪಕ್ಕ ನಿಂತು, "ಚೆನ್ನಾಗದೆ. ಇದನ್ನ ಸುತ್ತಿ ಎತ್ತಿಡವ್ವ, ಮದ್ವೆಗೆ ಆಯ್ತದೆ," ಅಂದರು.

ಸುತ್ತಿ ಎತ್ತಿಟ್ಟಿದ್ದೇನೆ. ಈ ಪೋಸ್ಟನ್ನು ಬಚ್ಚಲ ಒಲೆ ಮುಂದೆ ಕೂತೇ ಬರೆಯುತ್ತಿದ್ದೇನೆ.