ಸೂಗಪ್ಪನ ಎಣ್ಣೆಗೆ ದೌಲಪ್ಪನವರ ಭಾಷಣ

ಕಲಬುರಗಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸಿ ನಿವೃತ್ತರಾದ ದೌಲಪ್ಪನವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಚುಟುಕಾಗಿ ಹೇಳಲೂ ಬರುತ್ತಿರಲಿಲ್ಲ. ಶರಣಬಸವೇಶ್ವರ ಗುಡಿಯ ಹತ್ತಿರದ ಅವರ ಮನೆಗೆ ವಿಳಾಸ ಕೇಳಲು ಬಂದವರೂ ಜೀವಕೋಶದ ವಿಷಯ ತಿಳಿದುಕೊಂಡೇ ಹೋಗಬೇಕಿತ್ತು. ಹೆಂಡತಿ ಚಂದಮ್ಮ ಅಂಥವರಿಗೆ ಮೊದಲೇ ಕುರ್ಚಿ ಕೊಟ್ಟುಬಿಡುತ್ತಿದ್ದರು.

ಇಂಥವರನ್ನು ಕಮಲಾಪುರದ ಸೂಗಪ್ಪ ಹುಡುಕಿಕೊಂಡು ಬಂದ. ಅವನು ಮೊಣಕಾಲು ನೋವಿಗೆಂದು ಗಾಂಜಾ ಬೀಜದ ಎಣ್ಣೆ ಮಾರುವವನು. ಜನ ಹೆಸರು ಕೇಳಿಯೇ ಹೆದರುತ್ತಾರೆ, ತಮ್ಮಂಥವರು ನಾಲ್ಕು ಮಾತಾಡಿದರೆ ಸಾಕು ಎಂದ. ನಿಜವನ್ನಷ್ಟೇ ಹೇಳುತ್ತೇನೆ ಎಂದು ದೌಲಪ್ಪ ಷರತ್ತು ಹಾಕಿದರು. ಸೂಗಪ್ಪ ಸಂತೋಷದಿಂದ ಒಪ್ಪಿದ.

ಕಮಲಾಪುರದ ಕಲ್ಯಾಣ ಮಂಟಪ ತುಂಬಿತ್ತು. ದೌಲಪ್ಪ ನಿಜವನ್ನೇ ಹೇಳಿದರು. ಗಾಂಜಾ ಹೂವು, ಎಲೆಗಳಲ್ಲಿ ಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳಿವೆ. ನರಕೋಶಗಳ ಮೇಲಿರುವ ಗ್ರಾಹಕಗಳಿಗೆ ಅವು ಬೀಗಕ್ಕೆ ಕೀಲಿ ಕೂತಂತೆ ಕೂಡುತ್ತವೆ. ಆಗ ನರಗಳು ಒಂದಕ್ಕೊಂದು ಸುದ್ದಿ ಕಳಿಸುವುದು ತಗ್ಗುತ್ತದೆ. ಅಂಥ ಕೀಲಿಗಳನ್ನು ನಮ್ಮ ದೇಹವೂ ತಯಾರಿಸಿಕೊಳ್ಳುತ್ತದೆ. ಆದರೆ ಬೀಜದ ಎಣ್ಣೆಯಲ್ಲಿ ಈ ಕ್ಯಾನಬಿನಾಯ್ಡ್‌ಗಳು ಇಲ್ಲವೆನ್ನುವಷ್ಟು ಕಡಿಮೆ. "ಹಂಗಾಗಿ ಇದರಿಂದ ನೋವು ಹೋಗಂಗಿಲ್ಲ," ಎಂದು ಒತ್ತಿ ಹೇಳಿ ಕೆಳಗಿಳಿದರು.

ಜೋರು ಚಪ್ಪಾಳೆ ಬಿತ್ತು. ಎಣ್ಣೆ ಅಷ್ಟೂ ಖರ್ಚಾಯಿತು. ಮಹಾಗಾಂವದ ರೇವಮ್ಮ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಇಷ್ಟು ಓದಿದವರು ಇಷ್ಟು ಹೊತ್ತು ಮಾತಾಡಬೇಕಾದರೆ ಎಣ್ಣೆಯಲ್ಲಿ ಏನೋ ಇರಲೇಬೇಕು ಎನ್ನುತ್ತ ಹೋದಳು. ಗಾಬರಿಯಾದ ದೌಲಪ್ಪ ಮುಂದಿನ ವಾರ ಮತ್ತೆ ಹೋಗಿ ಎಣ್ಣೆಯನ್ನು ಇನ್ನೂ ಖಾರವಾಗಿ ಬೈದರು. ಅಂದು ಎಣ್ಣೆ ಸಾಲದೆ ಬಂತು.

ಇನ್ನೂ ಮುಜುಗರದ ಸಂಗತಿಯೆಂದರೆ, ಹಚ್ಚಿಕೊಂಡವರಿಗೆ ನೋವು ನಿಜವಾಗಿಯೂ ತಗ್ಗಿತು. ಚಂದಮ್ಮ ಅವರೂ ಗಂಡನಿಗೆ ಹೇಳದೆ ಹಚ್ಚಿಕೊಂಡು ಆರಾಮಾಗಿ ಮೆಟ್ಟಿಲು ಹತ್ತತೊಡಗಿದರು. ದೌಲಪ್ಪ ಬಾಟಲಿ ಮೂಸಿದರು, ಒಂದು ಹನಿ ನಾಲಿಗೆಗೆ ತಾಗಿಸಿದರು, ಕಣ್ಣಲ್ಲಿ ನೀರು ಬಂತು. ಕೂಡಲೇ ಸೂಗಪ್ಪನಿಗೆ ಫೋನ್ ಮಾಡಿದರು.

"ಬರೇ ಎಣ್ಣಿ ಹಚ್ಚಿದ್ರ ಏನೂ ಅನಸಂಗಿಲ್ರೀ ಸರ," ಎಂದ ಸೂಗಪ್ಪ. "ಅದಕ್ಕ ಚೂರು ಮೆಣಸಿನಕಾಯಿ ಸಾರ ಹಾಕೀನಿ."

ದೌಲಪ್ಪನವರಿಗೆ ಸಿಟ್ಟಿಗಿಂತ ಹುರುಪೇ ಹೆಚ್ಚಾಯಿತು. ಅದೇ ಮಂಟಪಕ್ಕೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದರು: ನೋವಿನ ನರಗಳಲ್ಲಿ ಬಿಸಿ ತಾಗಿದರೆ ತೆರೆಯುವ ಅಯಾನು ಕಾಲುವೆ, ಅಂದರೆ ವಿದ್ಯುತ್ ಕಣಗಳು ಹಾಯುವ ಕಿಂಡಿಯೊಂದಿದೆ, ಖಾರವೂ ಅದನ್ನು ತೆರೆಯುತ್ತದೆ, ಕೆಲವು ಕ್ಯಾನಬಿನಾಯ್ಡ್‌ಗಳೂ ತೆರೆಯುತ್ತವೆ. ಕ್ಯಾಲ್ಸಿಯಂ ಒಳನುಗ್ಗಿ ಮೊದಲು ಉರಿಯುತ್ತದೆ, ಆಮೇಲೆ ಕಾಲುವೆ ದಣಿದು ಸುಮ್ಮನಾಗುತ್ತದೆ. ಎಣ್ಣೆಯ ಗುಟ್ಟು ಗಾಂಜಾ ಅಲ್ಲ, ಮೆಣಸಿನಕಾಯಿ.

ಈ ಸಲ ಜನಕ್ಕೆ ಪೂರ್ತಿ ಅರ್ಥವಾಯಿತು. ಯಾರೂ ಎಣ್ಣೆ ಕೊಳ್ಳಲಿಲ್ಲ. ಮನೆಗೆ ಹೋಗಿ ಖಾರಪುಡಿ ಕಲಸಿ ಮೊಣಕಾಲಿಗೆ ಬಳಿದುಕೊಂಡರು.

ಮರುದಿನ ಬೆಳಿಗ್ಗೆ ಒಂದು ಟೆಂಪೊ ದೌಲಪ್ಪನವರ ಮನೆಯ ಮುಂದೆ ನಿಂತಿತು. ಇಳಿದವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಮೊಣಕಾಲಿಗೆ ಗಾಳಿ ಹಾಕಿಕೊಳ್ಳತೊಡಗಿದರು. ದೌಲಪ್ಪ ಕ್ಯಾಲ್ಸಿಯಂ ಎನ್ನುವಷ್ಟರಲ್ಲಿ ಚಂದಮ್ಮ ಗಂಡನ ತೋಳು ಹಿಡಿದು ಹಿಂದೆ ಸರಿಸಿದರು. ಖಾರ ಬರೀ ನೀರಿಗೆ ಬಿಡುವುದಿಲ್ಲವೆಂದು ಕುಸುಬಿ ಎಣ್ಣೆ ಸವರಿ, ಸೋಪು ಹಚ್ಚಿ ಎಲ್ಲರ ಕಾಲು ತೊಳೆಸಿದರು.

ನೋವು ಹೇಗಿದೆ ಎಂದು ದೌಲಪ್ಪ ಮೆಲ್ಲಗೆ ರೇವಮ್ಮನನ್ನು ಕೇಳಿದರು.

"ಈ ಉರಿಯೊಳಗ ನೋವು ಎಲ್ಲಿ ಹೋತೋ ಗೊತ್ತಾಗವಲ್ದ್ರೀ ಸರ," ಎಂದಳು ಆಕೆ, ಮನಸಾರೆ.

ದೌಲಪ್ಪ ಆಮೇಲೆ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಸೂಗಪ್ಪ ಈಗ ಕಮಲಾಪುರದ ಕೆಂಪು ಬಾಳೆಹಣ್ಣು ಮಾರುತ್ತಾನೆ. ಅದಕ್ಕೆ ಭಾಷಣ ಬೇಕಾಗುವುದಿಲ್ಲ.